ಆಟ ಮುಗಿದ ಮೇಲಿನ ಅರ್ಧ ಗಂಟೆ

(ಪರ್ಕಳ ಪರಿಸರದ ಸ್ವಸಹಾಯ ಸಂಘಗಳ ಸದಸ್ಯೆಯರಿಗಾಗಿ ನಡೆದ ಒಂದು ದಿನದ ತರಬೇತಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ಬೆಳಿಗ್ಗೆಯಿಂದ ನೀವು ಆಡಿದ್ದೀರಿ, ನಕ್ಕಿದ್ದೀರಿ, ಒಂದಿಬ್ಬರು ಸ್ವಲ್ಪ ಸಿಟ್ಟೂ ಮಾಡಿಕೊಂಡಿದ್ದೀರಿ. ಚಾ ಕುಡಿಯುವಾಗ ಹಿಂದಿನ ಸಾಲಿನಲ್ಲಿ ಒಬ್ಬರು ಪಕ್ಕದವರ ಹತ್ತಿರ ಕೇಳಿದ್ದು ನಮ್ಮ ಕಿವಿಗೂ ಬಿತ್ತು: “ಒಂದು ದಿನದ ಬೀಡಿ ಬಿಟ್ಟು ಬಂದದ್ದು ಇದಕ್ಕಾ? ಮಕ್ಕಳ ಹಾಗೆ ಕಾಗದದ ತುಂಡು ಜೋಡಿಸ್ಲಿಕ್ಕಾ?” ಕೇಳಿದವರು ತಪ್ಪು ಕೇಳಲಿಲ್ಲ. ದಿನದ ಸಂಪಾದನೆ ಬಿಟ್ಟು ಬಂದವರಿಗೆ ಹಾಗೆ ಕೇಳುವ ಹಕ್ಕು ಉಂಟು. ಆದ್ದರಿಂದ ಊಟಕ್ಕೆ ಮೊದಲಿನ ಈ ಹೊತ್ತನ್ನು ನಾವು ಅದೇ ಪ್ರಶ್ನೆಗೆ ಕೊಡುತ್ತೇವೆ.

ನಿಮ್ಮಲ್ಲಿ ಕೆಲವರ ಮಕ್ಕಳು ಮಣಿಪಾಲದ ಆಸ್ಪತ್ರೆ, ಹಾಸ್ಟೆಲು, ಕಂಪ್ಯೂಟರ್ ಕಂಪೆನಿಗಳಲ್ಲಿ ದುಡಿಯುತ್ತಿದ್ದಾರೆ. ಅವರನ್ನು ಕೇಳಿ ನೋಡಿ. ಇಂಥ ಕಡೆಗಳಲ್ಲೂ ಸಿಬ್ಬಂದಿಯನ್ನು ವೃತ್ತವಾಗಿ ಕೂರಿಸಿ ಬಲೂನು, ದಾರದ ಉಂಡೆ, ಕಾಗದದ ತುಂಡು ಕೊಡುತ್ತಾರೆ. ಅದಕ್ಕೆ ‘ಟೀಮ್ ಬಿಲ್ಡಿಂಗ್’ ಅಂತ ಹೆಸರು. ಆಟಗಳು ಹೆಚ್ಚುಕಡಿಮೆ ಇವೇ. ಅಲ್ಲಿ ಏಸಿ ಹಾಲ್, ಇಲ್ಲಿ ಒಂದು ಫ್ಯಾನು ತಿರುಗುತ್ತದೆ, ಇನ್ನೊಂದು ತಿರುಗುವುದಿಲ್ಲ, ಅಷ್ಟೇ.

ಹಾಗಾದರೆ ಒಟ್ಟಿಗೆ ಕೆಲಸ ಮಾಡುವುದನ್ನು ನಮ್ಮ ಹೆಂಗಸರಿಗೆ ಯಾರಾದರೂ ಬಂದು ಕಲಿಸಬೇಕಾ? ಹೆರ್ಗ, ಆತ್ರಾಡಿ, ಹಿರಿಯಡ್ಕದ ಗದ್ದೆಗಳಲ್ಲಿ ನೇಜಿ ನೆಟ್ಟ ಹಿರಿಯರು ಇಲ್ಲಿ ಕುಳಿತಿದ್ದೀರಿ. ಸಾಲಾಗಿ ಬಗ್ಗಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾ ನೆಡುವಾಗ ಒಬ್ಬಳ ಕೈ ನಿಧಾನವಾದರೆ ಸಾಲು ಡೊಂಕಾಗುತ್ತದೆ. ಆಗ ಪಕ್ಕದವಳು ಯಾರೂ ಹೇಳದೆಯೇ ಅವಳ ಬದಿಗೂ ನಾಲ್ಕು ಬುಡ ನೆಟ್ಟುಬಿಡುತ್ತಾಳೆ. ಓಬೇಲೆ ಹಾಡಿನ ಲಯಕ್ಕೆ ಎಲ್ಲರ ಕೈ ಕೂಡುತ್ತದೆ. ಇದಕ್ಕಿಂತ ದೊಡ್ಡ ಟೀಮ್ ವರ್ಕ್ ಯಾವ ಕಂಪೆನಿಯಲ್ಲಿ ಉಂಟು? ಆದರೆ ಒಂದು ಮಾತು. ಗದ್ದೆಯಲ್ಲಿ ನೆಡದೆ ಬಿಟ್ಟ ಜಾಗ ಎಲ್ಲರ ಕಣ್ಣಿಗೂ ಕಾಣುತ್ತದೆ. ಸಂಘದಲ್ಲಿ ಬಿಟ್ಟುಹೋದ ಜಾಗ ಕಾಣುವುದಿಲ್ಲ. ಹತ್ತು ವರ್ಷ ವಾರ ವಾರ ಬಂದು, ಉಳಿತಾಯ ಕಟ್ಟಿ, ಒಂದು ಮಾತೂ ಆಡದೆ ಎದ್ದು ಹೋಗುವ ಸದಸ್ಯೆ ಇರಬಹುದು. ಅವಳು ಸುಮ್ಮನಿರುವುದು ಸಮಾಧಾನದಿಂದಲಾ, ಹೆದರಿಕೆಯಿಂದಲಾ ಅಂತ ನಮಗೆ ತಿಳಿಯುವುದಿಲ್ಲ.

ಉಳಿತಾಯದ ವಿಷಯದಲ್ಲೂ ಹಾಗೆಯೇ. ಅದನ್ನು ಕಲಿಸಲು ಈ ಊರಿಗೆ ಹೊರಗಿನವರು ಬರಬೇಕಾಗಿರಲಿಲ್ಲ. 1925ರಲ್ಲಿ ಉಡುಪಿಯಲ್ಲಿ ಶುರುವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲೇ ಪಿಗ್ಮಿ ಠೇವಣಿ ತಂದು, ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಸಂಗ್ರಹಿಸಿತು. ಆ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ಪಿಗ್ಮಿಯವರು ಮನೆಗೆ ಬರುತ್ತಿದ್ದ ನೆನಪು ಇನ್ನೂ ಉಂಟಲ್ಲ? ಪಿಗ್ಮಿಯಲ್ಲಿ ಒಬ್ಬರಿಗೆ ಒಂದು ಪುಸ್ತಕ. ಸ್ವಸಹಾಯ ಸಂಘದಲ್ಲಿ ಇಪ್ಪತ್ತು ಮಂದಿಗೆ ಒಂದು ಪಾಸ್ ಪುಸ್ತಕ. ಕಷ್ಟ ಶುರುವಾಗುವುದು ಅಲ್ಲಿ. ನಮ್ಮ ರಾಜ್ಯದಲ್ಲಿ ಮೈರಾಡ ಸಂಸ್ಥೆಯವರು 1980ರ ದಶಕದಲ್ಲಿ ಕಂಡುಕೊಂಡದ್ದೂ ಇದನ್ನೇ. ದೊಡ್ಡ ಸಹಕಾರ ಸಂಘಗಳು ಒಡೆದಾಗ, ಪರಸ್ಪರ ನಂಬಿಕೆ ಇದ್ದವರು ಸಣ್ಣ ಗುಂಪುಗಳಾಗಿ ಉಳಿದರು. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿತು. ಅಲ್ಲಿ ಅಡವು ಇಟ್ಟದ್ದು ಚಿನ್ನವಲ್ಲ, ಜಾಗದ ಪತ್ರವೂ ಅಲ್ಲ. ಇವರು ಒಬ್ಬರನ್ನೊಬ್ಬರು ನಂಬುತ್ತಾರೆ ಅನ್ನುವುದೇ ಅಡವು. ಹಾಗಿದ್ದ ಮೇಲೆ ಆ ನಂಬಿಕೆ ಎಷ್ಟು ಗಟ್ಟಿ ಉಂಟು ಅಂತ ಆಗಾಗ ನೋಡಿಕೊಳ್ಳಬೇಡವಾ? ಲೆಕ್ಕ ನೋಡಲು ಆಡಿಟ್ ಉಂಟು. ನಂಬಿಕೆ ನೋಡಲು ಎಂತ ಉಂಟು?

ಈ ಆಟಗಳು ಹುಟ್ಟಿದ್ದು ಆ ಪ್ರಶ್ನೆಯ ಹತ್ತಿರದಲ್ಲೇ. 1946ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಕರ್ಟ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞರು ಒಂದು ತರಬೇತಿ ಶಿಬಿರ ನಡೆಸಿದರು. ಬೇರೆ ಬೇರೆ ಜನಾಂಗದವರ ನಡುವಿನ ಮನಸ್ತಾಪ ಕಡಿಮೆ ಮಾಡುವ ಕೆಲಸಗಾರರಿಗೆ ಅದು ಏರ್ಪಾಡಾಗಿತ್ತು. ಹಗಲಿಡೀ ಗುಂಪು ಚರ್ಚೆ. ರಾತ್ರಿ ತರಬೇತಿ ಕೊಡುವವರು ಮಾತ್ರ ಕುಳಿತು, ಇವತ್ತು ಯಾರು ಹೇಗೆ ನಡೆದುಕೊಂಡರು ಅಂತ ಟಿಪ್ಪಣಿ ಓದುತ್ತಿದ್ದರು. ಒಂದು ರಾತ್ರಿ ಕೆಲವು ಶಿಬಿರಾರ್ಥಿಗಳು ನಾವೂ ಕೂರಬಹುದಾ ಅಂತ ಕೇಳಿ ಒಳಗೆ ಬಂದರು. ಅವರಲ್ಲಿ ಒಬ್ಬ ಹೆಂಗಸಿನ ಬಗ್ಗೆಯೇ ಟಿಪ್ಪಣಿ ಬಂತು. ಆಕೆ ಸುಮ್ಮನಿರಲಿಲ್ಲ, ಅಲ್ಲಿ ನಡೆದದ್ದು ಹಾಗಲ್ಲ ಅಂತ ತನ್ನ ಕಡೆಯಿಂದ ಹೇಳಿದರು. ಅಲ್ಲಿಂದ ಮಾತು ಬಿಸಿಯಾಯಿತು. ಮರುದಿನ ರಾತ್ರಿ ಇನ್ನಷ್ಟು ಜನ ಬಂದು ಕುಳಿತರು. ಹಗಲಿನ ಪಾಠಕ್ಕಿಂತ ಈ ರಾತ್ರಿಯ ಮಾತಿನಲ್ಲೇ ಹೆಚ್ಚು ಕಲಿಯುತ್ತಿದ್ದೇವೆ ಅಂತ ಎಲ್ಲರಿಗೂ ಅನ್ನಿಸಿತು. ಮುಂದಿನ ವರ್ಷ ಲೆವಿನ್ ತೀರಿಕೊಂಡರು, ಆದರೆ ಅವರ ಜೊತೆಯವರು ಅದೇ ಕ್ರಮವನ್ನು ಬೆಳೆಸಿದರು. ಇವತ್ತು ಜಗತ್ತಿನ ಕಂಪೆನಿಗಳಲ್ಲಿ ನಡೆಯುವ ಗುಂಪು ತರಬೇತಿಯ ಒಂದು ದೊಡ್ಡ ಬೇರು ಅಲ್ಲಿ ಉಂಟು.

ಇದರಲ್ಲಿ ನಮಗೆ ಬೇಕಾದ ವಿಷಯ ಯಾವುದು? ಟಿಪ್ಪಣಿ ಬರೆದುಕೊಂಡವರಿಗೆ ಗೊತ್ತಿದ್ದದ್ದು ಅರ್ಧ. ಆ ಹೆಂಗಸಿಗೆ ಗೊತ್ತಿದ್ದದ್ದು ಇನ್ನರ್ಧ. ಎರಡೂ ಒಂದೇ ಕೋಣೆಯಲ್ಲಿ, ಎದುರೆದುರೇ ಸೇರಿದಾಗ ಪಾಠವಾಯಿತು.

ಈಗ ಬೆಳಿಗ್ಗೆ ನೀವು ಆಡಿದ ಚೌಕದ ಆಟಕ್ಕೆ ಬರುವ. ಈ ಆಟವನ್ನು ರೂಪಿಸಿದವರು ಅಲೆಕ್ಸ್ ಬಾವೆಲಾಸ್, ಲೆವಿನ್ ಅವರ ಬಳಗದವರೇ. ಐದು ಮಂದಿ ಸುತ್ತ ಕೂರುವುದು. ಒಬ್ಬೊಬ್ಬರಿಗೆ ಒಂದು ಲಕೋಟೆ, ಒಳಗೆ ರಟ್ಟಿನ ತುಂಡುಗಳು. ಎಲ್ಲ ಸೇರಿ 15 ತುಂಡು, ಅದರಲ್ಲಿ ಒಂದೇ ಅಳತೆಯ ಐದು ಚೌಕ ಆಗಬೇಕು. ಮಾತಾಡಬಾರದು. ಕೈಸನ್ನೆ ಬೇಡ. ಇನ್ನೊಬ್ಬರ ಎದುರಿನಿಂದ ತುಂಡು ತೆಗೆಯಬಾರದು, ಕೇಳಲೂಬಾರದು. ಕೊಡಬಹುದು ಮಾತ್ರ. ಐದು ಮಂದಿಯ ಎದುರೂ ಚೌಕ ಆದಾಗ ಆಟ ಮುಗಿಯಿತು. ಪಕ್ಕದಲ್ಲಿ ಇಬ್ಬರು ನಿಂತು ನೋಡುತ್ತಾರೆ, ಅಷ್ಟೆ.

ನೋಡಿದವರು ಎಂತ ಕಂಡರು ಅಂತ ನೀವೇ ಕೇಳಿದಿರಿ. ಮೂರನೆಯ ಗುಂಪಿನಲ್ಲಿ ಒಬ್ಬರು ಎರಡೇ ನಿಮಿಷದಲ್ಲಿ ಚೌಕ ಮಾಡಿ ಕೈ ಕಟ್ಟಿ ಕುಳಿತರು. ಮುಖದಲ್ಲಿ ಸಂತೋಷ. ಆದರೆ ಅವರ ಚೌಕದಲ್ಲಿ ಇದ್ದ ಒಂದು ತುಂಡು ಅಲ್ಲಿರಬೇಕಾದದ್ದಲ್ಲ, ಎದುರಿನವರಿಗೆ ಸೇರಬೇಕಾದದ್ದು. ಈ ಆಟದ ಗುಟ್ಟೇ ಅದು. ತಪ್ಪು ತುಂಡುಗಳಿಂದಲೂ ಒಂದು ಚಂದದ ಚೌಕ ಆಗುತ್ತದೆ; ಆದರೆ ಅದು ಹಾಗೇ ಇರುವವರೆಗೆ ಉಳಿದವರದ್ದು ಆಗುವುದಿಲ್ಲ. ಅವರು ತನ್ನ ಚೌಕ ತಾನೇ ಒಡೆದು ತುಂಡು ಕೊಡಬೇಕು. ಎಂಟು ನಿಮಿಷ ಹಾಗೇ ಕುಳಿತಿದ್ದರು. ಎದುರು ಇದ್ದ ಅಮ್ಮ ಎರಡೇ ತುಂಡು ಹಿಡಿದುಕೊಂಡು ಸುಮ್ಮನೆ ನೆಲ ನೋಡುತ್ತಿದ್ದರು. ಆಮೇಲೆ ಕೇಳಿದಾಗ ಚೌಕ ಆದವರು ಹೇಳಿದ್ದು: “ನನ್ನದು ಆಯ್ತಲ್ಲ, ಅವರದ್ದು ಅವರು ಮಾಡ್ತಾರೆ ಅಂತ ಎಣಿಸಿದೆ.” ಅಮ್ಮ ಹೇಳಿದ್ದು: “ನನಗೆ ಬುದ್ಧಿ ಸಾಲದು ಅಂತ ಎಣಿಸಿದೆ.” ನೋಡಿ, ತುಂಡೇ ಇರಲಿಲ್ಲ, ಆದರೂ ಅವರು ದೂರಿದ್ದು ತನ್ನ ಬುದ್ಧಿಯನ್ನು.

ಇದನ್ನು ಸಂಘಕ್ಕೆ ತಂದು ನೋಡಿ. ಬ್ಯಾಂಕಿನಿಂದ ಸಾಲ ಬಂತು. ಹಂಚುವಾಗ ಮಾತು ಬಲ್ಲವರು ಮೊದಲು ಕೇಳಿದರು. ಮಗಳ ಮದುವೆ, ಮನೆಯ ಮಾಡು, ಕಾರಣ ಎಲ್ಲ ಸರಿಯೇ. ಅವರ ಚೌಕ ಆಯಿತು. ಒಬ್ಬರಿಗೆ ಹೊಲಿಗೆ ಯಂತ್ರಕ್ಕೆ ಸ್ವಲ್ಪ ಹಣ ಬೇಕಿತ್ತು, ಕೇಳಲಿಲ್ಲ. ಎರಡು ವರ್ಷ ಕಳೆದರೂ ಕೇಳಲಿಲ್ಲ. ನಾವು ಹೇಳುತ್ತೇವೆ, “ಅವರಿಗೆ ಸಾಲ ಬೇಡ, ಅವರು ಪಾಪ ಸಾದು.” ಯಾರೂ ಮೋಸ ಮಾಡಲಿಲ್ಲ, ಲೆಕ್ಕದಲ್ಲಿ ಒಂದು ಪೈಸೆ ಹೆಚ್ಚುಕಡಿಮೆ ಇಲ್ಲ. ಆದರೂ ಒಬ್ಬರ ಚೌಕ ಆಗಲೇ ಇಲ್ಲ. ಈ ಆಟದ ಉತ್ತರ ಗೊತ್ತಾದ ಮೇಲೆ ಇನ್ನೊಮ್ಮೆ ಆಡಿ ಪ್ರಯೋಜನವಿಲ್ಲ ಅಂತ ಕೆಲವರು ಹೇಳುವುದುಂಟು. ನಮಗೆ ಹಾಗನ್ನಿಸುವುದಿಲ್ಲ. ಗೊತ್ತಿದ್ದೂ ತನ್ನ ಚೌಕ ಒಡೆಯಲು ಕೈ ಬರುವುದಿಲ್ಲ.

ದಾರದ ಉಂಡೆಯದ್ದು ಇನ್ನೂ ಸುಲಭ, ನಿಮ್ಮ ಮುಂದಿನ ವಾರದ ಸಭೆಯಲ್ಲೇ ಮಾಡಬಹುದು. ಏನಾದರೂ ನಿಜವಾದ ವಿಷಯ ಇಟ್ಟುಕೊಳ್ಳಿ, ಪ್ರವಾಸ ಎಲ್ಲಿಗೆ ಹೋಗುವುದು ಅಂತಲೇ ಇರಲಿ. ಮೊದಲು ಮಾತಾಡಿದವರ ಕೈಗೆ ದಾರದ ತುದಿ. ಮತ್ತೆ ಯಾರು ಮಾತಾಡುತ್ತಾರೋ ಅವರಿಗೆ ಉಂಡೆ ದಾಟಿಸುವುದು, ದಾರ ಕೈಬಿಡದೆ. ಹತ್ತು ನಿಮಿಷದಲ್ಲಿ ನೆಲದ ಮೇಲೆ ಬಲೆಯ ಹಾಗೆ ಕಾಣುತ್ತದೆ. ಎಷ್ಟೋ ಸಂಘಗಳಲ್ಲಿ ಅದು ಬಲೆಯೇ ಆಗುವುದಿಲ್ಲ; ಮೂರು ಮಂದಿಯ ನಡುವೆ ದಪ್ಪ ಹಗ್ಗ ಆಗುತ್ತದೆ, ಉಳಿದವರ ಮಡಿಲು ಖಾಲಿ. ಯಾರೂ ಯಾರನ್ನೂ ಬೈಯಬೇಕಾಗಿಲ್ಲ, ದಾರವೇ ಹೇಳುತ್ತದೆ. ಒಂದು ಸಂಘದಲ್ಲಿ ಇದನ್ನು ನೋಡಿದ ಮೇಲೆ ಬ್ಯಾಂಕಿಗೆ ಹೋಗುವ ಕೆಲಸವನ್ನು ಸರದಿ ಮಾಡಿದರು. ಅಷ್ಟು ವರ್ಷ ಒಬ್ಬರೇ ಹೋಗುತ್ತಿದ್ದವರಿಗೆ ಮೊದಲು ಬೇಸರವಾಯಿತು, “ನನ್ನ ಮೇಲೆ ಸಂಶಯವಾ?” ಅಂತ ಕೇಳಿದರು. ಬೇಸರವಾಗುವುದು ಸಹಜ. ಬಿಸಿಲಲ್ಲಿ ಬಸ್ಸು ಕಾದು, ಸಾಲಿನಲ್ಲಿ ನಿಂತು ಸಂಘ ನಡೆಸಿದವರು ಅವರೇ ಅಲ್ವಾ. ಅವರಿಗೆ ಮೊದಲು ಎಲ್ಲರೂ ಉಪಕಾರ ಹೇಳಿ, ಆಮೇಲೆ ಪ್ರತಿ ಸಲ ಒಬ್ಬ ಹೊಸಬರನ್ನು ಅವರ ಜೊತೆಗೇ ಕಳಿಸಿದರು. ಚಲನ್ ತುಂಬಿಸಲು ಕಲಿಸಿದವರೂ ಅವರೇ.

ಬಳೆ ಎಸೆಯುವ ಆಟ ನಿಮ್ಮಲ್ಲಿ ಸ್ವಂತ ಉದ್ಯೋಗದ ತರಬೇತಿಗೆ ಹೋದವರಿಗೆ ಗೊತ್ತಿರಬಹುದು. ನೆಲದಲ್ಲಿ ಗೂಟ, ಕೈಯಲ್ಲಿ ಬಳೆ. ಎಷ್ಟು ದೂರ ನಿಂತು ಎಸೆಯುವುದು ಅಂತ ಎಸೆಯುವವರೇ ತೀರ್ಮಾನ ಮಾಡಬೇಕು. ಡೇವಿಡ್ ಮೆಕ್ಲೆಲ್ಯಾಂಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1964ರಲ್ಲಿ ಆಂಧ್ರದ ಕಾಕಿನಾಡದ ವ್ಯಾಪಾರಿಗಳನ್ನು ಹೈದರಾಬಾದಿಗೆ ಕರೆಸಿ ತರಬೇತಿ ಕೊಡಿಸಿದ್ದರು. ಆ ಪ್ರಯೋಗದ ನಂತರ ನಮ್ಮ ದೇಶದ ಉದ್ಯಮಶೀಲತಾ ತರಬೇತಿಗಳಲ್ಲಿ ಇಂಥ ಆಟಗಳು ಬಳಕೆಗೆ ಬಂದವು. 1982ರಲ್ಲಿ ಉಜಿರೆಯಲ್ಲಿ ಶುರುವಾಗಿ ನಮ್ಮ ಬ್ರಹ್ಮಾವರದಲ್ಲೂ ಇರುವ ರುಡ್‌ಸೆಟ್ ಸಂಸ್ಥೆ ಎಷ್ಟೋ ಯುವಕ ಯುವತಿಯರಿಗೆ ಸ್ವಂತ ಉದ್ಯೋಗದ ದಾರಿ ತೋರಿಸಿದೆ. ಗೂಟದ ಬುಡದಲ್ಲೇ ನಿಂತರೆ ಬಳೆ ಬೀಳುತ್ತದೆ, ಆದರೆ ಅದರಲ್ಲಿ ಸಾಧನೆ ಇಲ್ಲ. ತೀರ ದೂರ ನಿಂತರೆ ಬಿದ್ದರೆ ಅದೃಷ್ಟ. ತನ್ನ ಕೈಯ ಅಳತೆ ನೋಡಿ, ಸ್ವಲ್ಪ ಕಷ್ಟವಾಗುವ ಮಧ್ಯದ ಜಾಗ ಹುಡುಕುವವರು ಉದ್ಯೋಗದಲ್ಲೂ ಹಾಗೇ ಯೋಚಿಸುತ್ತಾರೆ ಎಂಬುದು ಅವರ ಅಭಿಪ್ರಾಯ.

ನಮ್ಮ ಹೆಂಗಸರ ನಡುವೆ ಆಡಿಸುವಾಗ ನಾವು ಗಮನಿಸುವುದು ಇನ್ನೊಂದು. ಮೊದಲಿನವರು ಎಲ್ಲಿ ನಿಂತರೋ ಎರಡನೆಯವರೂ ಅಲ್ಲೇ ನಿಲ್ಲುತ್ತಾರೆ, ಮೂರನೆಯವರೂ ಅಲ್ಲೇ. ಎತ್ತರ ಬೇರೆ, ಕೈ ಬೇರೆ, ಕಣ್ಣು ಬೇರೆ, ನಿಲ್ಲುವ ಗೆರೆ ಮಾತ್ರ ಒಂದೇ. ಸಾಲದಲ್ಲೂ ಹಾಗೇ ಆಗುವುದಿಲ್ವಾ? “ಎಲ್ಲರೂ ಐವತ್ತು ಸಾವಿರ ತಗೊಳ್ತಿದ್ದಾರೆ, ನನಗೂ ಅಷ್ಟೇ ಇರಲಿ.” ಮನೆಯ ಆದಾಯ ಎಷ್ಟು, ತಿಂಗಳಿಗೆ ಎಷ್ಟು ಕಟ್ಟಬಹುದು ಎಂಬ ಲೆಕ್ಕ ಆಮೇಲೆ ಬರುತ್ತದೆ. ಮೈಕ್ರೋ ಫೈನಾನ್ಸ್ ಸಾಲ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಅದು ವಸೂಲಿ ಮಾಡುವವರ ಕೈ ಕಟ್ಟಲು. ಸಾಲ ತೆಗೆಯುವಾಗ ನಮ್ಮ ಗೆರೆ ನಾವೇ ಎಳೆದುಕೊಳ್ಳುವುದನ್ನು ಯಾವ ಕಾನೂನೂ ಮಾಡಿಕೊಡುವುದಿಲ್ಲ. ಸದಸ್ಯೆಯೊಬ್ಬರು “ನನಗೆ ಇಪ್ಪತ್ತು ಸಾವಿರ ಸಾಕು” ಅಂದಾಗ ನಗದಿರುವ ಸಂಘ ಬೇಕು.

ಯಾವ ಆಟ ಬೇಡ ಅನ್ನುವುದನ್ನೂ ಹೇಳಬೇಕು. ಸೋತವರನ್ನು ಹೊರಗೆ ಕಳಿಸುವ ಆಟ, ಸಂಗೀತ ಕುರ್ಚಿಯಂಥದ್ದು, ವಾರ್ಷಿಕೋತ್ಸವಕ್ಕೆ ಸರಿ, ತರಬೇತಿಗೆ ಆಗುವುದಿಲ್ಲ. ಮೊದಲು ಹೊರಗೆ ಹೋಗುವವರು ಸಭೆಯಲ್ಲೂ ಹಿಂದೆ ಕೂರುವವರೇ. ಕಣ್ಣು ಕಟ್ಟಿ ಹಿಂದಕ್ಕೆ ಬೀಳಿಸಿ ಹಿಡಿಯುವ ‘ನಂಬಿಕೆ’ಯ ಆಟವನ್ನು ಕೆಲವರು ಆಡಿಸುತ್ತಾರೆ. ಬೀಡಿ ಕಟ್ಟಿ ಕಟ್ಟಿ ಸೊಂಟ ಹೋದವರು, ಗೇರುಬೀಜದ ಕಾರ್ಖಾನೆಯಲ್ಲಿ ಕೂತು ಮೊಣಕಾಲು ಹಿಡಿದವರು ಇಲ್ಲಿದ್ದಾರೆ, ಅದು ನಮಗೆ ಬೇಡ. ಓದು ಬರಹ ಬಾರದವರು ಇರುವಾಗ ಚೀಟಿ ಓದಿಸುವ ಆಟವೂ ಬೇಡ. ಇನ್ನೊಂದು ಮುಖ್ಯವಾದದ್ದು: ಮನೆಯ ಕಷ್ಟ ಹೇಳಿಸಿ ಅಳಿಸುವ ಕ್ರಮ. ಅತ್ತರೆ ಮನಸ್ಸು ಹಗುರವಾಗುತ್ತದೆ ಅಂತ ಹೇಳುವವರಿದ್ದಾರೆ. ಆದರೆ ಪರ್ಕಳದಲ್ಲಿ ಆಡಿದ ಮಾತು ಬಸ್ಸಿಗಿಂತ ಮೊದಲೇ ಹಿರಿಯಡ್ಕ ತಲುಪುತ್ತದೆ. ಹೇಳಿದವರು ನಾಳೆ ಅದೇ ದಾರಿಯಲ್ಲಿ ನಡೆಯಬೇಕು. ಒಬ್ಬರು “ನಾನು ಈ ಆಟಕ್ಕೆ ಇಲ್ಲ” ಅಂದರೆ ಕಾರಣ ಕೇಳದೆ ಬಿಟ್ಟುಬಿಡಿ.

ಈಗ ಶೀರ್ಷಿಕೆಯ ಅರ್ಧ ಗಂಟೆಗೆ ಬರುವ. ಆಟ ಹದಿನೈದು ನಿಮಿಷದ್ದಾದರೆ ಮಾತು ಅರ್ಧ ಗಂಟೆಯದ್ದಾಗಬೇಕು. ಹೆಚ್ಚಿನ ಕಡೆ ಇದು ತಿರುಗಿ ಹೋಗುತ್ತದೆ: ಆಟ ಒಂದು ಗಂಟೆ, ಚಪ್ಪಾಳೆ, ಗ್ರೂಪ್ ಫೋಟೋ, ಊಟ. ಅಂಥ ತರಬೇತಿ ಪಿಕ್‌ನಿಕ್. ಪಿಕ್‌ನಿಕ್ ತಪ್ಪಲ್ಲ, ನಮ್ಮ ಹೆಂಗಸರಿಗೆ ಅದೂ ಬೇಕು, ಆದರೆ ಅದನ್ನು ತರಬೇತಿ ಅಂತ ವರದಿ ಬರೆಯಬಾರದು. ಆನ್ ಹೋಪ್, ಸ್ಯಾಲಿ ಟಿಮೆಲ್ ಎಂಬ ಇಬ್ಬರು ಮಹಿಳೆಯರು ಕೆನ್ಯಾದ ಹಳ್ಳಿಗಳ ಕೆಲಸದಿಂದ ಕಲಿತದ್ದನ್ನು 1984ರಲ್ಲಿ ಕೈಪಿಡಿಗಳಾಗಿ ಹೊರತಂದರು. ಅವರೂ ಹೇಳುವುದು ಇದೇ ಕ್ರಮವನ್ನು: ಮೊದಲು ಕಂಡದ್ದನ್ನು ಹೇಳಿಸಿ, ಆಮೇಲೆ ಯಾಕೆ ಹಾಗಾಯಿತು ಅಂತ ಕೇಳಿ, ಮತ್ತೆ ನಮ್ಮ ಜೀವನದಲ್ಲಿ ಇದು ಎಲ್ಲಿ ನಡೆಯುತ್ತದೆ ಅಂತ ಕೇಳಿ. ಕೊನೆಗೆ ಮಾಡುವುದೇನು ಎಂಬ ಪ್ರಶ್ನೆ.

ನಾವು ಅದಕ್ಕೆ ಒಂದೆರಡು ಸೇರಿಸಿದ್ದೇವೆ. ಮೊದಲ ಮಾತು ಅಧ್ಯಕ್ಷೆಯರದ್ದಾಗಬಾರದು, ಆಟದಲ್ಲಿ ಕಷ್ಟಪಟ್ಟವರದ್ದಾಗಬೇಕು. ನೋಡುತ್ತಾ ನಿಂತವರು ಕಂಡದ್ದನ್ನು ಮಾತ್ರ ಹೇಳಬೇಕು. “ಅವರು ಎಂಟು ನಿಮಿಷ ಕೈ ಕಟ್ಟಿ ಕುಳಿತಿದ್ದರು” ಅನ್ನಬಹುದು, “ಅವರಿಗೆ ಅಹಂಕಾರ” ಅನ್ನಬಾರದು. ಯಾರ ಬಗ್ಗೆ ಮಾತು ಬಂತೋ ಅವರಿಗೆ ಉತ್ತರ ಹೇಳಲು ಸಮಯ ಕೊಡಬೇಕು. ಕನೆಕ್ಟಿಕಟ್‌ನ ಆ ಹೆಂಗಸಿಗೆ ಸಿಕ್ಕಿದ ಹಾಗೆ. ಕೊನೆಗೆ ಒಂದೇ ಒಂದು ತೀರ್ಮಾನ, ನಿರ್ಣಯ ಪುಸ್ತಕದಲ್ಲಿ ದಿನಾಂಕ ಹಾಕಿ. “ಒಗ್ಗಟ್ಟಾಗಿರುತ್ತೇವೆ” ಅಂತ ಬರೆದರೆ ಅದು ನಿರ್ಣಯವಲ್ಲ. “ಜೂನ್‌ನಿಂದ ಸಾಲದ ಬೇಡಿಕೆಯನ್ನು ಸುತ್ತಿನ ಪ್ರಕಾರ ಕೇಳುವುದು, ಕೊನೆಯಲ್ಲಿ ಕೂತವರಿಂದ ಶುರು” ಎಂದು ಬರೆದರೆ ಮೂರು ತಿಂಗಳ ನಂತರ ಆಯಿತಾ ಇಲ್ವಾ ಅಂತ ನೋಡಬಹುದು.

ಆಟಕ್ಕೆ ಆಗದ ಕೆಲಸಗಳೂ ಉಂಟು. ಸಂಬಳ ಸಮಯಕ್ಕೆ ಬರದ, ಓವರ್‌ಟೈಮ್‌ಗೆ ಹಣ ಕೊಡದ ಜಾಗದಲ್ಲಿ ವರ್ಷಕ್ಕೊಮ್ಮೆ ಬಲೂನು ಊದಿಸಿ “ನಾವೆಲ್ಲ ಒಂದೇ ಕುಟುಂಬ” ಅಂದರೆ ಕೆಲಸದವರು ಎದುರು ನಗುತ್ತಾರೆ, ಹಿಂದಿನಿಂದಲೂ ನಗುತ್ತಾರೆ. ನಿಮ್ಮ ಮಕ್ಕಳು ಅಂಥ ಕಡೆ ಇದ್ದರೆ ಆಟ ಆಡಲಿ, ಸಂಬಳದ ಚೀಟಿಯನ್ನೂ ಸರಿಯಾಗಿ ಓದಲಿ. ಸಂಘಕ್ಕೂ ಇದೇ ಮಾತು. ಹಣದ ಲೆಕ್ಕ ಕೂಡದಿದ್ದರೆ, ಕಟ್ಟಿದ ಕಂತು ಪಾಸ್ ಪುಸ್ತಕದಲ್ಲಿ ಕಾಣದಿದ್ದರೆ, ಆಗ ನಂಬಿಕೆಯ ಆಟ ಆಡಿಸಲು ನಮ್ಮನ್ನು ಕರೆಯಬೇಡಿ. ಪುಸ್ತಕ ತೆರೆಯಿರಿ, ಬ್ಯಾಂಕಿನಿಂದ ಸ್ಟೇಟ್‌ಮೆಂಟ್ ತೆಗೆಸಿ, ಎಲ್ಲರ ಎದುರು ಒಂದೊಂದು ಸಾಲೂ ಓದಿ. ಲೆಕ್ಕ ಸರಿಯಾದ ಮೇಲೆ ಮುರಿದ ಮನಸ್ಸು ಕೂಡಿಸಲು ಬೇಕಾದರೆ ನಾವು ಬರುತ್ತೇವೆ, ಲಕೋಟೆ ಹಿಡಿದುಕೊಂಡು.

ಚೌಕದ ಆಟದ ರಟ್ಟುಗಳನ್ನು ಹಳೆಯ ಮದುವೆ ಕಾಗದಗಳಿಂದ ಕತ್ತರಿಸಿಕೊಳ್ಳಬಹುದು, ಅಳತೆಯ ಮಾದರಿ ನಿಮ್ಮ ವಲಯದ ಕಾರ್ಯಕರ್ತೆಯರ ಹತ್ತಿರ ಉಂಟು. ಊಟವಾದ ಮೇಲೆ ಸಂಘ ಸಂಘವಾಗಿ ಕುಳಿತುಕೊಳ್ಳಿ, ನಿರ್ಣಯ ಪುಸ್ತಕ ತಂದವರು ಹೊರಗೆ ತೆಗೆದಿಡಿ. ಬೆಳಿಗ್ಗೆ ಎರಡೇ ತುಂಡು ಹಿಡಿದು ಕುಳಿತಿದ್ದ ಅಮ್ಮ, ಮೊದಲ ಮಾತು ನಿಮ್ಮದು.